ಬೇವಿನ ಹಲಗೆಗೆ ಮೂರು ಹತ್ತರಿ

ಒಂದು ಹೊಳೆ. ಹೆಸರು ಬೇಡ ಬಿಡಿ. ಹೇಳಿದರೆ ನಿಮ್ಮಲ್ಲಿ ನಾಲ್ಕು ಜನ ನಾಳೆಯೇ ಬಸ್ಸು ಹತ್ತುತ್ತೀರಿ, ಅಲ್ಲಿ ಏನೂ ಸಿಗದೆ ನನ್ನನ್ನು ಬೈಯುತ್ತೀರಿ. ನಿಧಾನವಾದ ಹೊಳೆ ಅಂದುಕೊಂಡರೆ ಸಾಕು. ಎಷ್ಟು ನಿಧಾನ ಅಂದರೆ, ಬೆಳಿಗ್ಗೆ ನೀರಿಗೆ ಬಿದ್ದ ಎಲೆ ಮಧ್ಯಾಹ್ನದ ಊಟದ ಹೊತ್ತಿಗೂ ಕಣ್ಣೆದುರಿಗೇ ಇರುತ್ತಿತ್ತು.

ಅದರ ದಂಡೆಯ ಮೇಲೆ ಮಾನಪ್ಪಾಚಾರ್ಯರ ಆಶ್ರಮ. ಆಶ್ರಮವೆಂದರೆ ಒಂದು ಅಡುಗೆಮನೆ, ನಾಲ್ಕು ಕೋಣೆ, ಮರಗೆಲಸಕ್ಕೊಂದು ಚಪ್ಪರ. ಪ್ರವಚನ ಇಲ್ಲ, ಜಪಮಾಲೆ ಇಲ್ಲ. ಬಂದವರ ಕೈಗೆ ಗುರುಗಳು ಒಂದು ತುಂಡು ಮರ ಕೊಡುತ್ತಿದ್ದರು. ಅದೇ ದೀಕ್ಷೆ.

ಅಲ್ಲಿಗೆ ಬಂದವನು ಶ್ರೀಕಂಠ. ನಂಜನಗೂಡಿನ ಕಡೆಯವನು, ನಲವತ್ತು ದಾಟಿದವನು, ಹದಿನಾರು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ತಪ್ಪೇ ಆಗದ ಹಾಗೆ ಬದುಕಬೇಕು ಅನ್ನುವ ಆಸೆ ಅವನದು. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವವರು ಇರುತ್ತಾರಲ್ಲ, ಅಂಥವನು.

ಇನ್ನೊಬ್ಬಳು ಸಾವಂತ್ರವ್ವ. ಆಶ್ರಮದ ಅಡುಗೆ ಮೂವತ್ತು ವರ್ಷ ಆಕೆಯದು. ಗುರುಗಳನ್ನು ಹೆಸರು ಹಿಡಿದು ಕರೆಯುತ್ತಿದ್ದವಳು ಆಕೆಯೊಬ್ಬಳೇ. ಹಿಂದಿನ ವರ್ಷ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಕಾಲಿನ ಬಲ ಹೋಗಿತ್ತು. ಕೈಯ ಬಲ ಇತ್ತು, ಬಾಯಿಯ ಬಲದ ಮಾತಂತೂ ಕೇಳಲೇಬೇಡಿ.

ಆಕೆಯ ಮಂಚದಿಂದ ಕಿಟಕಿಯ ಕಟ್ಟೆಗೆ ಎರಡೇ ಅಡಿ. ಕಟ್ಟೆಯ ಮೇಲೆ ಕೂತರೆ ಹೊಳೆ ಕಾಣುತ್ತದೆ. ಮಂಚದ ಮೇಲಿಂದ ಕಾಣುವುದು ಬರೀ ಗೋಡೆ.

"ಎತ್ತಿ ಕೂರಿಸುತ್ತೇವೆ ಅವ್ವ," ಅಂದ ಶ್ರೀಕಂಠ.

"ಯಾಕ? ನಾ ಏನು ಜ್ವಾಳದ ಚೀಲೇನು? ಕೈ ಹಚ್ಚಬ್ಯಾಡ್ರಿ."

ಮಂಚಕ್ಕೂ ಕಟ್ಟೆಗೂ ಸೇತುವೆಯಾಗಿ ಒಂದು ಹಲಗೆ ಇಟ್ಟರೆ ಆಕೆ ಕೈಯೂರಿ ತಾನೇ ಜಾರಿಕೊಂಡು ಹೋಗಬಹುದು ಅಂದರು ಗುರುಗಳು. ಗಾಳಿಗೆ ಬಿದ್ದ ಬೇವಿನ ಮರವೊಂದು ಅಂಗಳದಲ್ಲೇ ಇತ್ತು. ಅದರ ಹಲಗೆಯನ್ನು ಶ್ರೀಕಂಠ ಮಾಡಿದ.

ಬೇವು ಸುಲಭದ ಮರವಲ್ಲ. ಅದರ ನಾರಿನ ಎಳೆ ಒಂದು ಗೇಣು ಈ ಕಡೆ ಓಡಿದರೆ ಮುಂದಿನ ಗೇಣು ಆ ಕಡೆ ಓಡುತ್ತದೆ. ಶ್ರೀಕಂಠ ಮರ ನುಣುಪು ಮಾಡುವ ಮಾಮೂಲಿ ಹತ್ತರಿ ಹಿಡಿದು ಒಂದೇ ದಿಕ್ಕಿಗೆ ಉಜ್ಜಿದ. ಎದುರೆಳೆ ಬಂದಲ್ಲೆಲ್ಲ ಹತ್ತರಿ ಮರವನ್ನು ಕಿತ್ತಿತು. ಮೇಲೆ ಮರಳು ಕಾಗದ ತಿಕ್ಕಿದ, ಕಣ್ಣಿಗೆ ನುಣುಪಾಗಿ ಕಂಡಿತು.

ಸಾವಂತ್ರವ್ವ ಜಾರಿದ ಮೊದಲ ದಿನವೇ ಒಂದು ಸಿಬಿರು ತೊಡೆಗೆ ಹೊಕ್ಕಿತು. ಆಕೆಯ ಚರ್ಮ ಈರುಳ್ಳಿಯ ಸಿಪ್ಪೆಯಷ್ಟು ತೆಳುವಾಗಿತ್ತು. ಗಾಯ ಮಾಯಲು ಇಪ್ಪತ್ತೆರಡು ದಿನ ಹಿಡಿಯಿತು. ಶ್ರೀಕಂಠ ಆ ಇಪ್ಪತ್ತೆರಡು ದಿನವೂ ಸರಿಯಾಗಿ ಉಣ್ಣಲಿಲ್ಲ.

ಗಾಯ ಮಾಸಿದ ಮೇಲೆ ಆಕೆ ಗುರುಗಳಿಗೆ ಹೇಳಿದಳು: "ಇನ್ನೊಂದು ಹಲಗಿ ಮಾಡ್ಲಿ. ಇವನ ಮಾಡ್ಲಿ."

"ಬೇಡ ಅವ್ವ. ಬೇರೆ ಯಾರಾದರೂ ಮಾಡಲಿ."

"ಬ್ಯಾರೇದವರು ಮತ್ತ ಮೊದಲಿಂದ ಚುಚ್ಚಾಕ ಸುರು ಮಾಡ್ತಾರ. ನಿಂದು ಒಮ್ಮೆ ಮುಗದೈತಿ."

ಮತ್ತೊಂದು ಸಲ ಚುಚ್ಚಿದರೆ ಆ ಗಾಯ ಮಾಯುತ್ತದೋ ಇಲ್ಲವೋ ಎಂದು ವೈದ್ಯರು ಆಗಲೇ ಅನುಮಾನ ಹೇಳಿ ಹೋಗಿದ್ದರು. ಅದು ಶ್ರೀಕಂಠನಿಗೆ ಗೊತ್ತಿತ್ತು. ಆಕೆಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಗುರುಗಳು ಚಪ್ಪರದಲ್ಲಿ ಚಾಪೆ ಹಾಸಿ ಅದರ ಮೇಲೆ ಮೂರು ಉಪಕರಣ ಇಟ್ಟರು.

ಮೂರೂ ಹೆರೆಯುವ ಜಾತಿಯವು. ಮಾಮೂಲಿ ಹತ್ತರಿ ಓರೆಯಾಗಿ ನುಗ್ಗಿ ಮರವನ್ನು ಸೀಳುತ್ತ ಹೋಗುತ್ತದೆ. ಹೆರೆಯುವ ಹತ್ತರಿಯ ಅಲಗು ಹೆಚ್ಚುಕಡಿಮೆ ನೆಟ್ಟಗೆ ನಿಂತು ಮೇಲ್ಮೈಯನ್ನಷ್ಟೇ ಕೆರೆಯುತ್ತದೆ. ಎಳೆ ಯಾವ ದಿಕ್ಕಿಗೆ ಓಡಿದರೂ ಅದಕ್ಕೆ ತಕರಾರಿಲ್ಲ.

ಮೊದಲನೆಯದು ದೊಡ್ಡ ಕಬ್ಬಿಣದ ಹತ್ತರಿ. ಯಾರೋ ಭಕ್ತರು ಸಮುದ್ರದಾಚೆಯಿಂದ ತಂದುಕೊಟ್ಟದ್ದು. ಕೂಸಿನಷ್ಟು ತೂಕ, ಹಿತ್ತಾಳೆಯ ತಿರುಪು, ಕನ್ನಡಿಯಂಥ ತಳ. ಎರಡನೆಯದು ಚಿಕ್ಕದು. ಎರಡು ಕಡೆ ಹಕ್ಕಿಯ ರೆಕ್ಕೆಯ ಹಾಗೆ ಹಿಡಿ, ನಡುವೆ ಅಲಗು. ಮೂರನೆಯದು ಬರೀ ಒಂದು ಉಕ್ಕಿನ ತಗಡು, ಅಂಗೈಯಗಲ. ಹಿಡಿಯೂ ಇಲ್ಲ, ತಿರುಪೂ ಇಲ್ಲ. ಹೆಬ್ಬೆರಳಿನಿಂದ ಬಾಗಿಸಿ ಎಳೆಯಬೇಕು.

"ಇದರಲ್ಲಿ ಯಾವುದು ಒಳ್ಳೆಯದು ಗುರುಗಳೇ?"

"ಎಲ್ಲಾನೂ ಛಲೋನ."

"ಈ ಕೆಲಸಕ್ಕೆ?"

"ನೀ ಆರಿಸು."

ಶ್ರೀಕಂಠ ದೊಡ್ಡದನ್ನು ಎತ್ತಿಕೊಂಡ.

"ಯಾಕ?" ಅಂದರು ಗುರುಗಳು.

"ತೂಕ ಇದೆ. ನನ್ನ ಕೈ ತಪ್ಪಿದರೂ ಇದು ತಪ್ಪುವುದಿಲ್ಲ."

"ಹಂಗಾರ ನೀ ಹೋಗಿ ಈಜು ಹೊಡದು ಬಾ. ಅದ ಮಾಡಿ ಮುಗಸ್ಲಿ."

ಶ್ರೀಕಂಠ ಅದನ್ನು ಕೆಳಗಿಟ್ಟ. ಉಕ್ಕಿನ ತಗಡನ್ನು ಎತ್ತಿಕೊಂಡ.

"ಇದು ಯಾಕ?"

"ನೀವು ಬಳಸುವುದು ಇದನ್ನೇ ಅಲ್ಲವೇ?"

ಗುರುಗಳು ಬಾಯಿಗೆ ಬೆರಳು ಹಾಕಿ ತಮ್ಮ ಕಟ್ಟುಹಲ್ಲಿನ ಸೆಟ್ಟು ಹೊರತೆಗೆದು ಮುಂದೆ ಹಿಡಿದರು. "ಇದನ್ನೂ ದಿನಾ ಬಳಸ್ತೀನಿ. ಬೇಕೇನು?"

ಶ್ರೀಕಂಠ ನಗಲಾರದೆ ನಕ್ಕ. ಗುರುಗಳು ಹಲ್ಲು ಹಾಕಿಕೊಂಡರು.

ಉಳಿದದ್ದು ಚಿಕ್ಕದು. ಶ್ರೀಕಂಠ ಅದರ ಎರಡೂ ಹಿಡಿಯನ್ನು ಹಿಡಿದು, ಅಲ್ಲೇ ಬಿದ್ದಿದ್ದ ಒಂದು ತುಂಡಿನ ಮೇಲೆ ಮೆಲ್ಲಗೆ ತಳ್ಳಿದ. ಒಮ್ಮೆ. ಇನ್ನೊಮ್ಮೆ. ಕಣ್ಣು ಮುಚ್ಚಿ ಮಗುದೊಮ್ಮೆ.

"ಇದು ಯಾಕ?"

"ಯಾಕೆ ಅಂತ ಹೇಳಲು ಬರುತ್ತಿಲ್ಲ. ಮರದಲ್ಲಿ ಏನು ನಡೆಯುತ್ತಿದೆ ಅಂತ ಅಂಗೈಗೆ ತಿಳಿಯುತ್ತಿದೆ."

ಗುರುಗಳು ಎದ್ದು ಮಜ್ಜಿಗೆ ಕುಡಿಯಲು ಹೋದರು.

ಕತೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಶ್ರೀಕಂಠ ಶ್ರೀಕಂಠನೇ.

ಅವನು ತಿರುಪು ಸಡಿಲಿಸಿ ಅಲಗನ್ನು ಹೊರತೆಗೆದ. ಅಂಚಿನ ಮೇಲೆ ಉಗುರು ಆಡಿಸಿದ. ಉಗುರಿಗೆ ಏನೋ ತಡೆಯಿತು. ಅಂಚಿನುದ್ದಕ್ಕೂ ಕೂದಲಿಗಿಂತ ಸಣ್ಣದೊಂದು ಕೊಕ್ಕೆ ಮುಳ್ಳಿನ ಹಾಗೆ ಒಂದು ಪಕ್ಕಕ್ಕೆ ಬಾಗಿ ನಿಂತಿತ್ತು.

ಅವನು ಅಲಗು ಹಿಡಿದು ಎದ್ದ. ಹೊಳೆಯ ಬಳಿ ಹೋಗಿ, ನುಣುಪಾದ ಕಲ್ಲೊಂದನ್ನು ಆರಿಸಿ, ನೀರು ಚಿಮುಕಿಸಿ ಅಲಗು ಉಜ್ಜಲು ಕೂತ.

ಬಿಸಿಲು ನೀರಿನ ಮೇಲೆ ಅಲುಗದೆ ಬಿದ್ದಿತ್ತು. ಬೆಳ್ಳಕ್ಕಿಯೊಂದು ತನ್ನ ನೆರಳಿನ ಮೇಲೆಯೇ ನಿಂತು ತೂಕಡಿಸುತ್ತಿತ್ತು. ಸಂಜೆಯ ಹೊತ್ತಿಗೆ ಅಲಗಿನ ಅಂಚಿನಲ್ಲಿ ಏನೂ ಉಳಿಯಲಿಲ್ಲ. ಬೆರಳಿಗೆ ಬೆಣ್ಣೆಯ ಹಾಗೆ ಹತ್ತುತ್ತಿತ್ತು.

ಮರುದಿನ ಬೇವಿನ ಹೊಸ ಹಲಗೆಯ ಮೇಲೆ ತಳ್ಳಿದ. ಹತ್ತರಿ ಜಾರಿತು. ಒತ್ತಿ ತಳ್ಳಿದ. ಒಂದು ಚಿಟಿಕೆ ಧೂಳು ಬಂತು. ಮೈಭಾರ ಹಾಕಿ ತಳ್ಳಿದ. ಹಲಗೆ ಹೊಳೆಯಿತು, ಆದರೆ ಸಿಬಿರು ಇದ್ದಲ್ಲೇ ಇತ್ತು. ಮೂರನೆಯ ದಿನವೂ ಅದೇ ಆಯಿತು.

ಒಳಗಿನಿಂದ ಸಾವಂತ್ರವ್ವನ ದನಿ ಬಂತು: "ತಮ್ಮಾ, ಹಲಗಿ ಮಾಡಾಕತ್ತೀಯೋ, ಅದರ ಬೆನ್ನು ತಿಕ್ಕಾಕತ್ತೀಯೋ?"

ಶ್ರೀಕಂಠ ಗುರುಗಳ ಮುಂದೆ ಬಂದು ನಿಂತ.

"ತಪ್ಪಾಗಿ ಆರಿಸಿದೆ ಗುರುಗಳೇ. ಇದು ಹೆರೆಯುವುದೇ ಇಲ್ಲ."

ಗುರುಗಳು ಅಲಗು ತೆಗೆದು ಅಂಚಿನ ಮೇಲೆ ಉಗುರು ಆಡಿಸಿದರು.

"ಇಲ್ಲೊಂದು ಕೊಕ್ಕಿ ಇತ್ತಲ್ಲ?"

"ಇತ್ತು. ತೆಗೆದೆ."

"ಯಾಕ?"

"ಒರಟಾಗಿತ್ತು. ಅವ್ವನಿಗೆ ಚುಚ್ಚೀತು ಅಂತ."

ಗುರುಗಳು ಅಲಗನ್ನು ಅವನ ಮುಂದೆ ಹಿಡಿದರು. ನಗುತ್ತಾರೆ ಅಂದುಕೊಂಡಿದ್ದ ಶ್ರೀಕಂಠ. ನಗಲಿಲ್ಲ.

"ಹಲಗಿಗೆ ಅಲಗು ಹತ್ತತೈತಿ. ಆಕೀಗೆ ಹಲಗಿ ಹತ್ತತೈತಿ. ಆಕೀಗೆ ಅಲಗು ಎಲ್ಲಿ ಹತ್ತತೈತಿ?"

ಶ್ರೀಕಂಠ ಅಲಗಿನ ಬೋಳು ಅಂಚನ್ನು ಮುಟ್ಟಿ ನೋಡಿದ.

"ಆ ಕೊಕ್ಕೀನ ಹೆರಿಯೂದು. ಉಳಿದದ್ದೆಲ್ಲ ಅದಕ್ಕ ಹಿಡಿ."

"ಮತ್ತೆ ಮಾಡಿಕೊಡುತ್ತೀರಾ?"

ಗುರುಗಳು ಅವನ ಕೈಗೆ ಬೆರಳುದ್ದದ ಒಂದು ಉಕ್ಕಿನ ಸಲಾಕೆ ಕೊಟ್ಟರು. ಆ ಚಪ್ಪರದಲ್ಲಿ ಒಬ್ಬರ ಅಲಗಿಗೆ ಇನ್ನೊಬ್ಬರು ಎರಡನೆಯ ಸಲ ಕೊಕ್ಕೆ ತಿರುವುವ ಪದ್ಧತಿ ಇರಲಿಲ್ಲ. ಅಂಚಿನ ಮೇಲೆ ಸಲಾಕೆಯನ್ನು ಒತ್ತಿ ಎಳೆಯಬೇಕು, ಆಗ ಉಕ್ಕು ತಾನೇ ಒಂದು ಕೂದಲಿನಷ್ಟು ಮಗ್ಗುಲಿಗೆ ಬಾಗುತ್ತದೆ.

ಶ್ರೀಕಂಠ ಎಳೆದ. ಏನೂ ಆಗಲಿಲ್ಲ. ಮತ್ತೆ ಎಳೆದ. ಆಗಲೂ ಇಲ್ಲ.

"ಅಂಜಿ ಒತ್ತಿದ್ರ ಉಕ್ಕಿಗೆ ತಿಳಿಯೂದಿಲ್ಲ," ಅಂದರು ಗುರುಗಳು. "ಏನು ಬೇಕು ಅಂತ ಹೇಳು ಅದಕ್ಕ."

ಮೂರನೆಯ ಸಲ ಶ್ರೀಕಂಠ ಉಸಿರು ಹಿಡಿದು, ಹಲ್ಲು ಕಚ್ಚಿ ಎಳೆದ. ಉಗುರಿಗೆ ಕೊಕ್ಕೆ ಸಿಕ್ಕಿತು.

ಆಮೇಲಿನದನ್ನು ಹೇಗೆ ಹೇಳಲಿ? ನೋಡಿದವರಿಗೇ ಗೊತ್ತು ಆ ಸುಖ.

ಹತ್ತರಿ ಮುಂದೆ ಹೋಯಿತು, ಅದರ ಹಿಂದೆ ಮರದ ಪದರವೊಂದು ಎದ್ದು ನಿಂತಿತು. ಹಾಲಿನ ಕೆನೆಯಷ್ಟು ತೆಳುವಾದ ಪದರ. ಬೆಳಕು ಅದರ ಮೂಲಕ ಹಾದುಹೋಗುತ್ತಿತ್ತು. ಅದು ಕೆಳಗೆ ಬೀಳಲೂ ಅವಸರಪಡಲಿಲ್ಲ. ಗಾಳಿಯಲ್ಲಿ ಒಂದು ಸುತ್ತು ಸುತ್ತಿ, ಇನ್ನೊಂದು ಸುತ್ತು ಯೋಚಿಸಿ, ಮೆಲ್ಲಗೆ ಇಳಿಯಿತು. ಎದುರೆಳೆ ಬಂದಲ್ಲಿ ಅಂಗೈಗೆ ಸಣ್ಣ ನಡುಕ ಬರುತ್ತಿತ್ತು, ಶ್ರೀಕಂಠ ಹತ್ತರಿಯನ್ನು ಒಂದಿಷ್ಟು ಓರೆ ಮಾಡುತ್ತಿದ್ದ, ನಡುಕ ನಿಲ್ಲುತ್ತಿತ್ತು.

ಚಪ್ಪರದಲ್ಲಿ ಬೇವಿನ ಕಹಿಗಂಪು ತುಂಬಿತು. ಕೆಲವು ಪದರಗಳು ಗಾಳಿಗೆ ಹಾರಿ ಹೊಳೆಯ ಮೇಲೆ ಕೂತವು. ಮುಳುಗಲಿಲ್ಲ, ಹೋಗಲೂ ಇಲ್ಲ. ಶ್ರೀಕಂಠನಿಗೆ ಹಸಿವು ಮರೆಯಿತು, ವಾರ ಯಾವುದೆಂಬುದು ಮರೆಯಿತು. ತಾನು ಹಲಗೆಯ ಮೇಲೆ ಹೋಗುತ್ತಿದ್ದೇನೋ, ನಿದ್ದೆಯಲ್ಲಿ ಯಾವುದೋ ಬಯಲಿನ ಮೇಲೆ ನಡೆಯುತ್ತಿದ್ದೇನೋ, ಆ ಹೊತ್ತಿಗೆ ಕೇಳಿದ್ದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ.

ಎರಡು ದಿನ ಹೀಗೇ ಹೋಯಿತು.

ಹಲಗೆ ಮುಗಿದಾಗ ಗುರುಗಳು ಒಂದು ಹಿಡಿ ಅರಳೆ ಕೊಟ್ಟರು. ಹತ್ತಿ ಬೆಳೆಯುವ ಸೀಮೆ ಅದು, ಅಲ್ಲಿ ನುಣುಪನ್ನು ಕಣ್ಣಿನಿಂದ ನೋಡುವುದಿಲ್ಲ. ಬಿಡಿಸಿದ ಅರಳೆಯನ್ನು ಹಲಗೆಯ ಮೇಲೆ ಎಳೆಯುತ್ತಾರೆ. ಎಲ್ಲಿ ಒಂದು ನೂಲೆಳೆ ಸಿಕ್ಕಿ ನಿಂತಿತೋ ಅಲ್ಲಿ ಸಿಬಿರಿದೆ ಎಂದು ಅರ್ಥ.

ಮರದ ಗಂಟಿನ ಬಳಿ ಮೂರು ಕಡೆ ಎಳೆ ನಿಂತಿತು. ಶ್ರೀಕಂಠ ಆ ಜಾಗವನ್ನು ಮತ್ತೆ ಹೆರೆದ. ಅರಳೆ ಎಳೆದ. ಏನೂ ನಿಲ್ಲಲಿಲ್ಲ. ಇನ್ನೊಮ್ಮೆ ಎಳೆದ. ಹಿಂದುಮುಂದು ಮಾಡಿ ಎಳೆದ. ಅಡ್ಡಡ್ಡ ಎಳೆದ. ಹನ್ನೊಂದನೆಯ ಸಲಕ್ಕೆ ಗುರುಗಳು ಅರಳೆ ಕಿತ್ತುಕೊಂಡರು.

"ಬಿಡೋ ಮಾರಾಯಾ. ಹತ್ತಿ ದಣದೈತಿ."

ಬೆಳಗಿನ ಹೊತ್ತು ಹಲಗೆಯನ್ನು ಮಂಚಕ್ಕೂ ಕಟ್ಟೆಗೂ ನಡುವೆ ಇಟ್ಟರು. ಗುರುಗಳು ಬಾಗಿಲಿಗೆ ಒರಗಿ ನಿಂತರು.

ಸಾವಂತ್ರವ್ವ ಹಲಗೆಯ ಮೇಲೆ ಅಂಗೈ ಆಡಿಸಿದಳು. "ಏನೋ ಇದು, ಎಮ್ಮಿ ಕರುವಿನ ಮೂಗಿನಂಗೈತಿ," ಅಂದಳು.

ಕೈಯೂರಿದಳು. ಒಂದು ಗೇಣು ಜಾರಿದಳು. ಇನ್ನೊಂದು ಗೇಣು. ನಡುವೆ ನಿಂತುಬಿಟ್ಟಳು.

"ಚುಚ್ಚಿತಾ ಅವ್ವ?" ಅಂದ ಶ್ರೀಕಂಠ.

"ದಣಿವು ಆರಿಸ್ಕೊಳ್ಳಾಕ ಬಿಡ್ತೀಯೋ ಇಲ್ಲೋ?"

ಅವನಿಗೆ ನಿಲ್ಲಲಾಗಲಿಲ್ಲ. ಮಂಚ ಸುತ್ತಿಕೊಂಡು ಓಡಿಹೋಗಿ ಕಿಟಕಿಗೆ ಬೆನ್ನು ಹಾಕಿ ನಿಂತ. ಆಕೆ ಬಿದ್ದರೆ ಹಿಡಿಯಲು ಎರಡೂ ತೋಳು ಅಗಲಿಸಿ ಬಾಗಿದ.

ಆಕೆ ಬೀಳಲಿಲ್ಲ. ಮೂರನೆಯ ಗೇಣು ಜಾರಿ, ಕಟ್ಟೆಯ ಮೇಲೆ ಕೂತು, ಸೆರಗು ಸರಿಮಾಡಿಕೊಂಡಳು. ಆಮೇಲೆ ಕತ್ತು ಎಡಕ್ಕೆ ವಾಲಿಸಿದಳು. ಬಲಕ್ಕೆ ವಾಲಿಸಿದಳು. ಮಾತಾಡಲಿಲ್ಲ.

"ಅವ್ವ, ನೋವಾಯಿತಾ? ಎಲ್ಲಿ?"

ಆಕೆ ಮತ್ತೆ ಕತ್ತು ವಾಲಿಸಿದಳು.

ಶ್ರೀಕಂಠ ಚಾಚಿದ ತೋಳನ್ನು ಇಳಿಸದೆಯೇ ಬಾಗಿಲಿನ ಕಡೆ ನೋಡಿದ. ಅವನ ಕಣ್ಣಲ್ಲಿ ನೀರು ತುಂಬಿತ್ತು.

"ಗುರುಗಳೇ, ಏನೋ ಆಗಿದೆ. ಮಾತಾಡುತ್ತಿಲ್ಲ. ಇನ್ನೂ ಏನು ತಪ್ಪಿದೆ ನನ್ನ ಹಲಗೆಯಲ್ಲಿ?"

"ಹಲಗಿ ಛಲೋ ಐತಿ," ಅಂದರು ಗುರುಗಳು. "ನೀ ಒಂದೀಟು ಬಾಜೂಕ ಸರಕೋ. ಆಕೀಗೆ ಹೊಳಿ ಕಾಣವಲ್ದು."