ಕಲಿಯದೆ ಬಿಟ್ಟ ಮಾತುಗಳು

ಶಿಷ್ಯನೊಬ್ಬ ಗುರುಗಳ ಬಳಿ ಬಂದು ಕೇಳಿದ: "ಗುರುಗಳೇ, ನನ್ನ ತಂಗಿ ತೀರಿಕೊಂಡು ವರ್ಷವಾಯಿತು. ಅವಳ ವಿಷಯ ಬಂದಾಗ 'ಇದ್ದಳು' ಅನ್ನಲು ನನಗೆ ನಾಲಿಗೆ ಏಳುವುದಿಲ್ಲ. ಹಾಗೆ ಅಂದರೆ ನಾನೇ ಅವಳನ್ನು ಕೈಯಾರೆ ಕಳಿಸಿಕೊಟ್ಟಂತೆ ಅನ್ನಿಸುತ್ತದೆ. ಅನ್ನದೆ ಇದ್ದರೆ ತಪ್ಪೇನು?"

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ನಮ್ಮ ಕಡೆಯ ಅಡಿಗೆಯವನೊಬ್ಬ ಫಿನ್‌ಲ್ಯಾಂಡ್ ಎಂಬ ಚಳಿಯ ದೇಶಕ್ಕೆ ಹೋದ. ಹೋಗುವ ಮೊದಲೇ ಅವನ ಹೆಂಡತಿ ತೀರಿಕೊಂಡಿದ್ದಳು. ಅಲ್ಲಿ ಹೋಟೆಲಿನ ಕೆಲಸ, ಬಿಡುವಿನಲ್ಲಿ ಫಿನ್ನಿಶ್ ಪಾಠ. ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ. ಮೊದಲ ವಾರವೇ ಅವಳು, ಹೆಂಡತಿ ಇದ್ದಾಳೆಯೆ ಎಂದು ಕೇಳಿದಳು. ಅವನಿಗೆ ಆಗ ಬರುತ್ತಿದ್ದುದು ಹತ್ತೇ ಮಾತು. ಆಗಿಹೋದದ್ದನ್ನು ಹೇಳುವ ಮಾತು ಅವುಗಳಲ್ಲಿ ಒಂದೂ ಇರಲಿಲ್ಲ. ಇದ್ದಾಳೆ ಎಂದ. ಚೆನ್ನಾಗಿದ್ದಾಳೆಯೆ ಎಂದಳು. ಚೆನ್ನಾಗಿದ್ದಾಳೆ ಎಂದ.

ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅವನ ಎದೆ ಹಗುರಾಯಿತು. ಲೋಕದಲ್ಲಿ ಒಂದು ಕಡೆಯಾದರೂ ಅವಳು ಬದುಕಿದ್ದಾಳಲ್ಲ ಅನ್ನಿಸಿತು.

ಪಾಠದಲ್ಲಿ ಒಂದು ದಿನ ಹಿಂದಿನದನ್ನು ಹೇಳುವ ಮಾತುಗಳ ಪುಟ ಬಂತು. ಎಯ್ಲೆನ್ ಎಂದರೆ ನಿನ್ನೆ, ಎನ್ನೆನ್ ಎಂದರೆ ಮೊದಲು, ಸಿಲ್ಲೊಯ್ನ್ ಎಂದರೆ ಆಗ. ಉಳಿದವರು ಬರೆದುಕೊಂಡರು. ಇವನು ಪುಸ್ತಕ ಮುಚ್ಚಿದ. ಆ ಪುಟ ಕಲಿತರೆ ತನ್ನ ಬಾಯಿಂದಲೇ ಅವಳು ಇನ್ನೊಮ್ಮೆ ಸಾಯಬೇಕಲ್ಲ ಎಂದು ಅವನಿಗೆ ಭಯ.

ಎರಡು ವರ್ಷ ಹೀಗೇ ಕಳೆಯಿತು. ಮುದುಕಿ ಸಿಕ್ಕಾಗಲೆಲ್ಲ ಹಂಗಿಸುವಳು: "ಎಂಥ ಗಂಡಸಯ್ಯಾ ನೀನು? ಊರಿಗೆಲ್ಲ ಬಡಿಸುತ್ತೀಯೆ, ಹೆಂಡತಿಗೆ ಒಂದು ತಟ್ಟೆ ಇಡುವುದಿಲ್ಲ. ಯಾವಾಗ ಕರೆಸುತ್ತೀಯೆ?"

"ಬರುತ್ತಾಳಮ್ಮ, ಬರುತ್ತಾಳೆ" ಎಂದು ಅವನು ನಕ್ಕುಬಿಡುವನು.

ಒಮ್ಮೆ ಮುದುಕಿ ಅವನ ಹೆಂಡತಿಯ ಪಾದದ ಅಳತೆ ಕೇಳಿದಳು. ಅವನು ತನ್ನ ಗೇಣು ತೋರಿಸಿದ. ಚಳಿಗಾಲವೆಲ್ಲ ಕೂತು, ನಡುಗುವ ಬೆರಳಲ್ಲಿ ಉಣ್ಣೆಯ ಕಾಲುಚೀಲ ಹೆಣೆದು ತಂದು ಕೊಟ್ಟಳು. ನಮ್ಮ ನೆಲ ತಣ್ಣಗೆ, ಬಂದ ದಿನವೇ ಹಾಕಿಸು ಎಂದು ಹೇಳಿ ಹೋದಳು.

ಅವನು ಆ ಜೊತೆಯನ್ನು ಮಂಚದ ಮೇಲಿಟ್ಟು ನೋಡಿದ. ಅದರೊಳಗೆ ಇಳಿಯುವ ಪಾದ ಈ ಲೋಕದಲ್ಲಿ ಇರಲಿಲ್ಲ. ಮರುದಿನ ಪಾಠ ಹೇಳುವವಳ ಮುಂದೆ ನಿಂತು, ಬಿಟ್ಟಿದ್ದ ಪುಟ ಕಲಿಸಿರೆಂದು ಬೇಡಿಕೊಂಡ. ವಾರವಿಡೀ ಸೌಟು ಆಡಿಸುತ್ತ ಆ ಮಾತುಗಳನ್ನೇ ಜಪದಂತೆ ಹೇಳಿಕೊಂಡ.

ಭಾನುವಾರ ಕಾಲುಚೀಲ ಹಿಂದಿರುಗಿಸಲು ಹೋದ. "ನನಗೆ ಹೆಂಡತಿ ಇದ್ದಳು. ಇಲ್ಲಿಗೆ ಬರುವ ಮೊದಲೇ ಸತ್ತಳು. ಆಗ ನನಗೆ ಹೇಳಲು ಬರಲಿಲ್ಲ. ಆಮೇಲೆ ಬೇಕೆಂದೇ ಹೇಳಲಿಲ್ಲ" ಎಂದ. ಇನ್ನು ಈಕೆ ಸುಳ್ಳುಗಾರನೆಂದು ಬಾಗಿಲು ಹಾಕುತ್ತಾಳೆ ಎಂದುಕೊಂಡು ನಿಂತ.

ದೇವರು ದೊಡ್ಡವನು. ಮುದುಕಿಯ ಬಾಯಿಗೆ ಆತ ಬೇರೆ ಮಾತು ತಂದ.

"ಒಳಗೆ ಬಾ. ಹೇಗಿದ್ದಳು, ಹೇಳು."

ಅವನು ಹರಕುಮುರುಕು ಮಾತಿನಲ್ಲೇ ಹೇಳತೊಡಗಿದ. ಸಾರಿಗೆ ಎರಡು ಸಲ ಉಪ್ಪು ಹಾಕಿ ತಪ್ಪನ್ನು ಅವನ ತಲೆಗೆ ಕಟ್ಟುತ್ತಿದ್ದುದು. ದೇವರ ಮುಂದೆ ಹಾಡುವಾಗ ಶ್ರುತಿ ತಪ್ಪಿ ತಾನೇ ಮೊದಲು ನಗುತ್ತಿದ್ದುದು. ಹಾಸಿಗೆ ಹಿಡಿದ ಮೇಲೂ ಅವನ ಊಟದ್ದೇ ಚಿಂತೆ ಮಾಡಿದ್ದು. ಮುದುಕಿ ನಕ್ಕಳು, ಕಣ್ಣೊರೆಸಿಕೊಂಡಳು, "ಆಮೇಲೆ?" ಎಂದು ಕೇಳಿದಳು. ಕಾಫಿ ಆರಿಹೋಯಿತು.

ಎರಡು ವರ್ಷ ಹೆಂಡತಿಯ ಬಗ್ಗೆ ಅವನು ಆಡಿದ್ದು ಇಷ್ಟೇ, ಚೆನ್ನಾಗಿದ್ದಾಳೆ, ಬರುತ್ತಾಳೆ. ಆ ಮಾತುಗಳಿಗೆ ಮುಖವಿರಲಿಲ್ಲ, ದನಿಯಿರಲಿಲ್ಲ. ಸತ್ತಳು ಎಂದ ಮೇಲೆ ಅವಳು ಆ ಮನೆಯೊಳಗೆ ಬಂದು ಕೂತಳು.

ಕತೆ ಮುಗಿಸಿ ಗುರುಗಳು ಶಿಷ್ಯನ ಬೆನ್ನ ಮೇಲೆ ಕೈಯಿಟ್ಟರು.

"ಮಗು, ನೀನು ಈ ಆಶ್ರಮಕ್ಕೆ ಬಂದು ಎಂಟು ತಿಂಗಳಾಯಿತು, ನಿನ್ನ ತಂಗಿಯ ಹೆಸರು ನನಗಿನ್ನೂ ಗೊತ್ತಿಲ್ಲ."