ಮುದುಕರಿಗೊಂದು ಗರಡಿ

"ಗುರುಗಳೇ, ನಮ್ಮ ಊರಿನಲ್ಲಿ ತೊಟ್ಟಿಲುಗಳಿಗಿಂತ ಊರುಗೋಲುಗಳೇ ಹೆಚ್ಚಾಗಿವೆ. ಊರಿನ ಯಜಮಾನಿಕೆ ಈಗ ನನ್ನ ಹೆಗಲಿಗೆ ಬಿದ್ದಿದೆ. ಈ ಮುದುಕರಿಗಾಗಿ ನಾನು ಮೊದಲು ಏನು ಕಟ್ಟಿಸಲಿ?" ಎಂದು ಶಂಭುಲಿಂಗನೆಂಬ ಶಿಷ್ಯ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಊರಿಗೆ ಒಬ್ಬ ಗೌಡನಿದ್ದ. ಒಳ್ಳೆಯವನೇ, ಸ್ವಲ್ಪ ಅವಸರದವನು, ಅಷ್ಟೆ. ಅವನ ಊರಿನಲ್ಲೂ ತಲೆ ನರೆತವರೇ ಹೆಚ್ಚಾಗಿದ್ದರು. ಅವರಿಗೆ ಏನಾದರೂ ಮಾಡಲೇಬೇಕೆಂದು ಅವನು ಟೊಂಕ ಕಟ್ಟಿದ. ಊರಿನ ಸಂಗ್ರಹದಲ್ಲಿದ್ದ ಕಲ್ಲು, ಮರ ಒಂದೇ ಒಂದು ಕೆಲಸಕ್ಕೆ ಸಾಲುವಷ್ಟಿತ್ತು. ಅದು ವ್ಯರ್ಥವಾದರೆ ಮತ್ತೆ ಕೂಡಿಸಲು ಹತ್ತು ವರ್ಷ ಬೇಕು. ಅಷ್ಟು ಕಾಲ ಕಾಯುವ ಪುರುಸೊತ್ತು ಆ ಮುದುಕರಿಗೆ ಇರಲಿಲ್ಲ. ಗೌಡನಿಗೆ ಇದು ಗೊತ್ತಿತ್ತು. ಆದ್ದರಿಂದ ತನ್ನ ಬುದ್ಧಿಯೊಂದನ್ನೇ ನೆಚ್ಚದೆ ಅವರನ್ನೇ ಕೇಳಿಬಿಡೋಣ ಎಂದುಕೊಂಡ.

ಊರಿನ ಮಾತು ಏನಿದ್ದರೂ ಚಾವಡಿಯ ಮಹಡಿಯ ಮೇಲೆಯೇ ಆಗಬೇಕು ಎಂಬುದು ಅಲ್ಲಿನ ಪದ್ಧತಿ. ಮಹಡಿಗೆ ಮೂವತ್ತು ಮೆಟ್ಟಿಲು. ಅರವತ್ತು ದಾಟಿದವರೆಲ್ಲ ಸೋಮವಾರ ಅಲ್ಲಿಗೆ ಬರಬೇಕೆಂದು ಗೌಡ ಡಂಗುರ ಹೊಡೆಸಿದ.

ಸೋಮವಾರ ಒಂಬತ್ತು ಜನ ಬಂದರು. ಎಲ್ಲರೂ ಕಟ್ಟುಮಸ್ತಾದವರು. ಮೆಟ್ಟಿಲು ಹತ್ತಿ ಬಂದದ್ದಕ್ಕೆ ಒಬ್ಬನಿಗೂ ಏದುಸಿರಿಲ್ಲ. ವೈದ್ಯರು ಬೇಕೆ, ನೋಡಿಕೊಳ್ಳುವವರು ಬೇಕೆ ಎಂದು ಗೌಡ ವಿಚಾರಿಸಿದ. ಅವರಿಗೆ ನಗು ಬಂತು. ಬೇಕಾದರೆ ಒಂದು ಗರಡಿ ಕಟ್ಟಿಸಿಕೊಡು ಎಂದು ಒಬ್ಬ ಮುದುಕ ತೊಡೆ ತಟ್ಟಿ ಹೇಳಿದ. ಉಳಿದ ಎಂಟು ಜನ ಹೂಂಗುಟ್ಟಿದರು. ನಮ್ಮೂರಿನ ನೀರೇ ಅಂಥದ್ದು, ಇಲ್ಲಿ ಮುದುಕರೂ ಪೈಲ್ವಾನರು ಎಂದು ಗೌಡ ಹಿರಿಹಿರಿ ಹಿಗ್ಗಿದ. ಗರಡಿ ಕಟ್ಟುವುದೆಂದು ಅಲ್ಲೇ ತೀರ್ಮಾನವಾಯಿತು.

ಇನ್ನು ಗುದ್ದಲಿಪೂಜೆ. ಇಂಥ ಕೆಲಸಕ್ಕೆ ಕರೆಯುವಾಗ ಗೌಡನೇ ಮನೆಮನೆಗೆ ಹೋಗಿ ಆ ಮನೆಯ ಹಿರಿಯರ ಕೈಗೆ ವೀಳ್ಯ ಕೊಡಬೇಕು. ಅವನು ವೀಳ್ಯದ ಬುಟ್ಟಿ ಹಿಡಿದು ಕೆಳಗಿನ ಕೇರಿಯಿಂದ ಶುರುಮಾಡಿದ. ಮೊದಲನೆಯದು ಸೂಲಗಿತ್ತಿಯ ಮನೆ. ಊರಿನ ಅರ್ಧ ಜನರನ್ನು, ಗೌಡನನ್ನೂ ಸೇರಿಸಿ, ಈ ಲೋಕಕ್ಕೆ ತಂದವಳು ಅವಳೇ. ಈಗ ಎರಡೂ ಮಂಡಿ ಸೋತು ಬಾಗಿಲಲ್ಲಿ ಕೂತೇ ಇರುತ್ತಿದ್ದಳು. ವೈದ್ಯರ ಮನೆ ಮೇಲಿನ ಕೇರಿಯಲ್ಲಿತ್ತು. ಅಲ್ಲಿಯವರೆಗೆ ಹೋಗಲಾಗದೆ ಅವಳ ಕಾಲಿನ ಹುಣ್ಣು ಮೂರು ತಿಂಗಳಾದರೂ ವಾಸಿಯಾಗಿರಲಿಲ್ಲ.

ವೀಳ್ಯ ತೆಗೆದುಕೊಂಡು ಅವಳು ಬೊಚ್ಚುಬಾಯಿ ತುಂಬ ನಕ್ಕಳು. "ಗರಡಿಗೆ ನನ್ನೂ ಕರೀತಿದ್ದೀಯಲ್ಲೋ ಮಗಾ, ನನಗೆ ಜೋಡಿ ಯಾರನ್ನ ಬಿಡ್ತೀಯ?" ಎಂದಳು.

ಗೌಡ ಪೆಚ್ಚಾದ. "ಹಂಗಲ್ಲವ್ವ, ಡಂಗುರ ಹೊಡೆಸಿ ಎಲ್ಲರನ್ನೂ ಕೇಳೇ ತೀರ್ಮಾನ ಮಾಡಿದ್ದು. ನೀನು ಯಾಕೆ ಬರಲಿಲ್ಲ?" ಎಂದ.

"ಡಂಗುರ ಚೆನ್ನಾಗೇ ಕೇಳಿಸ್ತು. ಮೂವತ್ತು ಮೆಟ್ಟಿಲು ಹತ್ತೋ ಕಾಲು ನನಗಿದ್ದಿದ್ರೆ, ನಿನ್ನ ಹತ್ರ ನಾನೇನು ಕೇಳಬೇಕಿತ್ತೋ?"

ಗೌಡನಿಗೆ ನಾಚಿಕೆಯಾಯಿತು. ಮಹಡಿಯ ಮೇಲೆ ಅವನು ಬಂದವರನ್ನು ನೋಡಿ ಹಿಗ್ಗಿದ್ದ, ಬಾರದವರ ನೆನಪೇ ಅವನಿಗೆ ಆಗಿರಲಿಲ್ಲ. ಬುಟ್ಟಿಯನ್ನು ಕೆಳಗಿಟ್ಟು ಅವಳ ಹೊಸ್ತಿಲ ಬಳಿ ಕೂತ. ನಿನಗೆ ಏನು ಬೇಕವ್ವ ಎಂದು ಕೇಳಿ, ಅವಳು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಪಕ್ಕದ ಮನೆ. ಅದರ ಪಕ್ಕದ ಮನೆ. ಊರು ಮುಗಿಯಲು ನಾಲ್ಕು ದಿನ ಹಿಡಿಯಿತು. ವೀಳ್ಯದೆಲೆ ಬುಟ್ಟಿಯಲ್ಲೇ ಬಾಡಿತು.

ಯಾರೂ ದೊಡ್ಡದೇನನ್ನೂ ಕೇಳಲಿಲ್ಲ. ಒಬ್ಬ ಮುದುಕನಿಗೆ ಸಂತೆಯ ದಾರಿಯ ನಡುವೆ ಸ್ವಲ್ಪ ಹೊತ್ತು ಕೂರಲು ಒಂದು ಕಲ್ಲು ಬೇಕಿತ್ತು. ಕಣ್ಣು ಮಂಜಾದ ಒಬ್ಬ ಮುದುಕಿಗೆ ಕೆರೆಯ ಮೆಟ್ಟಿಲಿಳಿಯುವಾಗ ಹಿಡಿದುಕೊಳ್ಳಲು ಒಂದು ಮರದ ಗಳ ಸಾಕಾಗಿತ್ತು. ಇನ್ನೊಬ್ಬಳಿಗೆ ಬೇಕಾದದ್ದು ಇಷ್ಟೇ: ದಿನಕ್ಕೊಮ್ಮೆ ಯಾರಾದರೂ ಬಾಗಿಲಲ್ಲಿ ನಿಂತು ಅವಳ ಹೆಸರು ಹಿಡಿದು ಕೂಗಬೇಕು. ಅದನ್ನು ಕೇಳಿ ಗೌಡನ ಕಣ್ಣು ತುಂಬಿತು.

ಗರಡಿಗೆಂದು ಎತ್ತಿಟ್ಟ ಕಲ್ಲುಗಳು ದಾರಿಯುದ್ದಕ್ಕೂ ಕೂರುವ ಕಟ್ಟೆಗಳಾದವು. ಮರವೆಲ್ಲ ಕೆರೆಯ ಮೆಟ್ಟಿಲಿಗೂ ಇಳಿಜಾರಿನ ಓಣಿಗಳಿಗೂ ಹೋಯಿತು. ಡಂಗುರದವನು ದಿನಾ ಬೆಳಗ್ಗೆ ಮನೆಮನೆಯ ಮುಂದೆ ನಿಂತು ಹೆಸರು ಕೂಗತೊಡಗಿದ. ಗರಡಿ ಕೈತಪ್ಪಿದ್ದಕ್ಕೆ ಒಂಬತ್ತು ಪೈಲ್ವಾನರು ಮುಖ ಊದಿಸಿಕೊಂಡಿದ್ದರು. ಗೌಡ ಅವರಿಗೊಂದು ಡೋಲಿ ಮಾಡಿಸಿಕೊಟ್ಟು, ನಡೆಯಲಾರದವರನ್ನು ವೈದ್ಯರ ಮನೆಗೆ ಹೊತ್ತೊಯ್ಯುವ ಕೆಲಸ ವಹಿಸಿದ. ಮೊದಲು ಕೂತವಳು ಸೂಲಗಿತ್ತಿ. ಹೆಜ್ಜೆ ಸರಿಯಾಗಿ ಹಾಕಿರೆಂದು ದಾರಿಯುದ್ದಕ್ಕೂ ಅವರನ್ನು ಗದರಿಸಿದಳು. ತಿಂಗಳೊಳಗೆ ಅವಳ ಹುಣ್ಣು ವಾಸಿಯಾಯಿತು, ಪೈಲ್ವಾನರ ತೋಳೂ ಹುರಿಗಟ್ಟಿತು.

ಕತೆ ಕೇಳಿ ಶಂಭುಲಿಂಗನಿಗೆ ಬಹಳ ಸಂತೋಷವಾಯಿತು. ಕೂಡಲೇ ಕಾಗದ ತೆಗೆದ. "ಎಷ್ಟು ಹೆಜ್ಜೆಗೊಂದು ಕಟ್ಟೆ ಹಾಕಿಸಿದನಂತೆ ಗುರುಗಳೇ? ಹೇಳಿ, ಬರೆದುಕೊಳ್ಳುತ್ತೇನೆ. ನಮ್ಮೂರಿನಲ್ಲೂ ಹಾಗೆಯೇ ಮಾಡಿಸಿಬಿಡುತ್ತೇನೆ" ಎಂದ.

ಗುರುಗಳು ನಕ್ಕು ಕೇಳಿದರು: "ನನ್ನನ್ನು ಕೇಳಲು ಬರುವಾಗ, ದಾರಿಯಲ್ಲಿ ನೀನು ಎಷ್ಟು ಜನ ಮುದುಕರ ಮನೆ ಬಾಗಿಲು ದಾಟಿಕೊಂಡು ಬಂದೆಯಪ್ಪ?"