ಸಾಲಿಗೆ ಸೇರದ ಕಲ್ಲು

ಕತೆ ಹೇಳಿ ನನಗೆ ರೂಢಿಯಿಲ್ಲ. ಲೆಕ್ಕ ಬಂದ ಕಡೆ ಬೇಕಾದ್ದಕ್ಕಿಂತ ಹೆಚ್ಚೇ ಬಿಡಿಸಿ ಹೇಳಿಬಿಡುತ್ತೇನೆ; ಸಹಿಸಿಕೊಳ್ಳಿ.

ಹಾಲಗುಂದಿಯ ಅರಸ ಬೈಚರಾಯ ಡಂಗುರ ಹೊಡೆಸಿದ: "ಯುದ್ಧದಲ್ಲಿ ಮಡಿದವರು ಒಂದು ಲಕ್ಷದ ಮೂರು ಮಂದಿ. ಅವರ ವೀರಗಲ್ಲುಗಳ ಬಗ್ಗೆ ಅರಸರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವನು ಬೇಡಿದ್ದನ್ನು ಕೊಡುತ್ತಾರೆ. ತಪ್ಪಿದವನ ತಲೆ ಉಳಿಯುವುದಿಲ್ಲ."

ಆ ನಾಡಿನಲ್ಲಿ ವೀರಗಲ್ಲುಗಳನ್ನು ಸಮಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಸಮಸಾಲು ಎಂದರೆ ಪ್ರತಿ ಸಾಲಿನಲ್ಲೂ ಅಷ್ಟಷ್ಟೇ ಕಲ್ಲು. ಸಾಲಿಗೆ ಸೇರದೆ ಉಳಿದ ಕಲ್ಲಿಗೆ ಯಾರೂ ದೀಪ ಹಚ್ಚುವಂತಿರಲಿಲ್ಲ. ಎಲ್ಲರಿಗಿಂತ ಕೊನೆಗೆ ಸತ್ತವನು ಅರಸನ ಮಗ, ಹಾಗಾಗಿ ಅವನ ಕಲ್ಲು ಕೊನೆಯದು. ಹೇಗೆ ಜೋಡಿಸಿದರೂ ಅದು ಹೊರಗೇ ನಿಲ್ಲುತ್ತಿತ್ತು.

ಒಂದೇ ಉದ್ದ ಸಾಲೂ ಆಗಬಾರದು, ಸಾಲಿಗೊಂದೇ ಕಲ್ಲೂ ಆಗಬಾರದು, ಹಾಗಾದರೆ ಎಷ್ಟು ಸಾಲು? ಇದು ಮೊದಲ ಒಗಟು. ದಂಡನಾಯಕನ ಅಳಿಯ ನೂರು ಎಂದ. ಮೂರು ಕಲ್ಲು ಉಳಿದವು. ಅರಮನೆಯ ಜೋಯಿಸ ಹನ್ನೊಂದು ಎಂದ, ಎರಡು ಉಳಿದವು. ಏಳು ಎಂದವನಿಗೆ ಉಳಿದದ್ದು ಒಂದೇ. ಒಂದೇ ತಾನೆ ಎಂದು ಅವನು ಗೋಗರೆದ. ಆ ಒಂದು ರಾಜಕುಮಾರನದು. ಮೂವರ ತಲೆಯೂ ಹೋಯಿತು.

ಸುದ್ದಿ ಕುರಿಗಾಹಿಗಳ ಬಾಯಿಂದ ಗುಡ್ಡದ ಗವಿಗೂ ತಲುಪುತ್ತಿತ್ತು. ಅಲ್ಲಿ ಬೊಮ್ಮ ಅಡಗಿದ್ದ. ದಂಡಿನ ಕುದುರೆಗಳಿಗೆ ಹುಲ್ಲು ಹೊರುತ್ತಿದ್ದ ಹುಡುಗ. ಯುದ್ಧದಲ್ಲಿ ಹೆದರಿ ಓಡಿಹೋಗಿದ್ದ. ಸತ್ತನೆಂದು ತಿಳಿದು ಅವನ ಹೆಸರಿನಲ್ಲೂ ಕಲ್ಲು ನೆಟ್ಟಿದ್ದರು. ಲೆಕ್ಕದಲ್ಲಿ ತಾನೊಬ್ಬ ಹೆಚ್ಚಿದ್ದೇನೆ ಎಂಬುದು ಅವನಿಗೆ ಮಾತ್ರ ಗೊತ್ತು. ಹೇಳಿದರೆ ಓಡಿಹೋದ ತಪ್ಪಿಗೆ ತಲೆ ಹೋಗುತ್ತದೆ. ಹೇಳದಿದ್ದರೆ ಬೇರೆಯವರ ತಲೆ. ಮರಳಿನ ಮೇಲೆ ಭಾಗಿಸುತ್ತಾ ಕೂತಿದ್ದವನು ಒಂದು ದಿನ ಎದ್ದು ಕಲ್ಲುಗಳ ಬಯಲಿಗೆ, ಒಗಟು ಕೇಳುತ್ತಿದ್ದ ಅರಸನ ಮುಂದಕ್ಕೆ ಬಂದ.

"ಯಾವ ಸಾಲೂ ಆಗುವುದಿಲ್ಲ ಬುದ್ಧಿ," ಎಂದ.

ಅರಸ ಎರಡನೆಯದನ್ನು ಕೇಳಿದ. "ಸಾವಿರ ಸಾಲು, ಹತ್ತು ಸಾವಿರ ಸಾಲು, ಎಲ್ಲವನ್ನೂ ನೋಡದೆ ಅದು ಹೇಗೆ ಹೇಳುತ್ತೀಯೋ?"

"ಮುನ್ನೂರ ಹದಿನಾರರವರೆಗೆ ನೋಡಿದರೆ ಸಾಕು ಬುದ್ಧಿ. ಸಾಲು ಅದಕ್ಕಿಂತ ಹೆಚ್ಚಾದರೆ ಸಾಲೊಳಗಿನ ಕಲ್ಲು ಅದಕ್ಕಿಂತ ಹೆಚ್ಚಿರುವುದಿಲ್ಲ. ಪಕ್ಕಕ್ಕೆ ಬಂದು ನಿಂತರೆ ಉದ್ದದ ಸಾಲೇ ಅಡ್ಡಸಾಲು. ಆ ಚಿಕ್ಕ ಲೆಕ್ಕ ಆಗಲೇ ಮಾಡಿ ಆಗಿದೆ."

ಅರಸನ ದನಿ ಇಳಿಯಿತು. ಮೂರನೆಯದು ಒಗಟಿನಂತೆಯೇ ಇರಲಿಲ್ಲ. "ಹಾಗಾದರೆ ನನ್ನ ಮಗನನ್ನು ಸಾಲಿಗೆ ಸೇರಿಸುವುದು ಹೇಗೆ?"

"ಒಂದು ಕಲ್ಲು ಕೀಳಬೇಕು."

"ಯಾರದು?"

"ನನ್ನದು ಬುದ್ಧಿ. ನಾನು ಸತ್ತಿಲ್ಲ."

ಕಾವಲಿನವರು ಕತ್ತಿ ಹಿರಿದರು. ಅರಸ ಕೈ ಎತ್ತಿ ತಡೆದು, ಏನು ಬೇಕೋ ಬೇಡು ಎಂದ. ಬೊಮ್ಮ ಏನನ್ನೂ ಬೇಡದೆ ಲೆಕ್ಕವನ್ನೇ ಮುಂದುವರಿಸಿದ.

"ಆಗ ನಲವತ್ತೆರಡು ಸಾಲು ಆಗುತ್ತದೆ. ಸಾಲಿಗೆ ಎರಡು ಸಾವಿರದ ಮುನ್ನೂರ ಎಂಬತ್ತೊಂದು. ಯಾಕೆಂದರೆ ಒಂದು ತೆಗೆದ ಮೇಲೆ ಅದು ಎರಡಕ್ಕೂ ಹೋಗುತ್ತದೆ, ಮೂರಕ್ಕೂ ಹೋಗುತ್ತದೆ, ಮತ್ತೆ ಏಳಕ್ಕೂ..."

"ಬೊಮ್ಮಾ."

ಕಲ್ಲುಗಳ ನಡುವೆ, ಅವನ ಹೆಸರಿದ್ದ ಕಲ್ಲಿನ ಪಕ್ಕದಲ್ಲಿ, ಅವನ ತಾಯಿ ಎಣ್ಣೆಯ ಕುಡಿಕೆ ಹಿಡಿದು ನಿಂತಿದ್ದಳು. ಬೆಳಿಗ್ಗೆ ಹೊರಗೆ ಹೋದವನನ್ನು ಕರೆಯುವಂತೆ ಕರೆದಳು. "ಬಾ ಮಗಾ, ಮನೆಗೆ ಹೋಗಾಣ."

ಅರಸ ತನ್ನ ಮಗನ ಕಲ್ಲಿನ ಕಡೆ ನೋಡಿದ.

"ಉಳಿದ ಲೆಕ್ಕ ನಾನು ಮಾಡಿಕೊಳ್ಳುತ್ತೇನೆ," ಎಂದ. "ಕರೆಯುತ್ತಿದ್ದಾಳೆ, ಹೋಗು."